ಪ್ಲಾಸ್ಟಿಕ್ ಬಿಚ್ಚದ ಜಾಕ್

ಹಳೆಯ ಜಾಕ್ ತನ್ನ ಪೂರ್ತಿ ಎತ್ತರಕ್ಕೆ ಏರಿ ನಿಂತರೂ ಪಂಕ್ಚರ್ ಆದ ಮುಂದಿನ ಟಯರು ನೆಲ ಬಿಡಲಿಲ್ಲ. ಇಬ್ರಾಹಿಂ ಖಲೀಲ್ ಜೀಪಿನ ಅಡಿಯಿಂದ ತಲೆ ಹೊರಗೆ ಹಾಕಿ, ಕಂಪೌಂಡ್ ಕಟ್ಟಲಿಕ್ಕೆಂದು ಅಂಗಳದ ಮೂಲೆಯಲ್ಲಿ ಪೇರಿಸಿಟ್ಟ ಕೆಂಪುಕಲ್ಲಿನ ರಾಶಿಯನ್ನು ನೋಡಿದ. ಗಂಡನ ತಲೆಯಲ್ಲಿ ಏನು ಓಡುತ್ತಿದೆಯೆಂದು ಮೆಟ್ಟಿಲ ಮೇಲೆ ನಿಂತಿದ್ದ ರಶೀನಾಳಿಗೆ ಅಲ್ಲೇ ಗೊತ್ತಾಯಿತು.

"ಒಳಗೆ ಶಾಫಿ ತಂದದ್ದು ಉಂಟಲ್ಲ, ಅದನ್ನು ತರ್ತೇನೆ," ಎಂದಳು.

"ಅದು ಅಂಗಳಕ್ಕೆ ತರುವ ಸಾಮಾನಾ ಮಾರಾಯ್ತಿ? ಬರುವ ತಿಂಗಳು ಅವನು ಊರಿಗೆ ಬರ್ತಾನೆ. ಮಣ್ಣು ಮೆತ್ತಿದ್ದು ಕಂಡರೆ ಏನು ಗ್ರಹಿಸ್ಲಿಕ್ಕಿಲ್ಲ?"

ಬೆಳ್ತಂಗಡಿಯಾಚೆ ರಬ್ಬರ್ ತೋಟಗಳ ಕೊರಕಲು ದಾರಿಯಲ್ಲಿ ಬಾಡಿಗೆ ಓಡಿಸಲೆಂದು ಖಲೀಲ್ ಜೀಪಿನ ಸ್ಪ್ರಿಂಗಿಗೆ ಹೆಚ್ಚು ಪ್ಲೇಟು ಹಾಕಿಸಿ, ದೊಡ್ಡ ಟಯರು ತೊಡಿಸಿ ಎತ್ತರಿಸಿದ್ದ. ಗಾಡಿಯ ಜತೆ ಜಾಕ್ ಬೆಳೆಯುವುದಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ. ಹೊಳೆದದ್ದು ಸೌದಿಯ ದಮಾಮಿನ ಗ್ಯಾರೇಜಿನಲ್ಲಿ ದುಡಿಯುವ ರಶೀನಾಳ ತಮ್ಮ ಶಾಫಿಗೆ. ಕಳೆದ ರಜೆಯಲ್ಲಿ ಬರುವಾಗ ಅವನು ಸೀರೆ, ಸೆಂಟು ಎಲ್ಲ ಬಿಟ್ಟು, ಬಂಪರಿಗೇ ಕೊಟ್ಟು ಎತ್ತುವ ಎದೆಯೆತ್ತರದ ಉಕ್ಕಿನ ಜಾಕ್ ಹೊತ್ತು ತಂದ. ಫಾರಿನ್ ಸಾಮಾನಿನ ಪ್ಲಾಸ್ಟಿಕ್ ಬಿಚ್ಚಿದರೆ ಅದರ ಮರ್ಯಾದೆ ಹೋಯಿತು ಎಂದು ನಂಬಿದ ಮನೆ ಅದು. ಸೋಫಾ ಇನ್ನೂ ಕವರಿನೊಳಗೆ ಇತ್ತು, ಟೇಪ್‌ರೆಕಾರ್ಡರ್ ಕೂಡ. ಜಾಕ್ ಹೋಗಿ ಶೋಕೇಸಿನ ಪಕ್ಕ ನಿಂತಿತು. ಶುಕ್ರವಾರ ಬಂದರೆ ರಶೀನಾ ಅದರ ಧೂಳು ಒರೆಸುತ್ತಿದ್ದಳು. ಬಂದ ನೆಂಟರಿಗೆಲ್ಲ ಖಲೀಲ್ ಅದರ ಪಾಠ ಒಪ್ಪಿಸುತ್ತಿದ್ದ: ಅಡಿಗೆ ಗಟ್ಟಿ ಹಲಗೆ ಇಡಬೇಕು, ಉಳಿದ ಚಕ್ರಗಳಿಗೆ ಅಡ್ಡ ಕೊಡಬೇಕು, ಹಿಡಿಕೆಯನ್ನು ಅರ್ಧದಲ್ಲಿ ಬಿಟ್ಟರೆ ಅದು ಹಾರಿ ದವಡೆ ಮುರಿಯುತ್ತದೆ, ಎತ್ತಿದ ಗಾಡಿಯ ಅಡಿಗೆ ಕೈ ಹಾಕಲೇಬಾರದು. ಶರಬತ್ತಿನ ತಟ್ಟೆ ಹಿಡಿದು ನಿಂತೂ ನಿಂತೂ ರಶೀನಾಳಿಗೆ ಅದು ಬಾಯಿಪಾಠವಾಗಿತ್ತು.

"ಕಲ್ಲಿನ ಮೇಲೆ ಬೇಡ. ಹಲಗೆ ಬೇಕು ಅಂತ ನೀವೇ ಹೇಳ್ತೀರಲ್ಲ."

"ಅದು ಆ ಜಾಕಿಗೆ. ಇಡೀ ಮನೆ ಹೊರುವ ಕಲ್ಲು, ಒಂದು ಜೀಪು ಹೊರ್ಲಿಕ್ಕಿಲ್ವಾ?"

ಗೋಡೆಯಲ್ಲಿ ಕೂತ ಕೆಂಪುಕಲ್ಲಿಗೆ ಆಚೀಚೆಯ ಕಲ್ಲುಗಳು ಹೆಗಲು ಕೊಟ್ಟಿರುತ್ತವೆ. ಇಲ್ಲಿ ಮಳೆಗೆ ನೆನೆದ ಒಂದು ಕಲ್ಲು, ಅದರ ನಡುಮಧ್ಯೆ ಅಂಗೈಯಗಲದ ಜಾಕ್. ಆದರೂ ಜೀಪು ಎದ್ದಿತು, ಚಕ್ರ ಬಿಚ್ಚಿ ಬಂತು. ಖಲೀಲ್ ಗೆದ್ದವನಂತೆ ಹೆಂಡತಿಯತ್ತ ನೋಡಿದ. ಅಷ್ಟರಲ್ಲಿ ಒಂದು ನಟ್ಟು ಉರುಳಿ ಅಡಿಗೆ ಹೋಯಿತು. ಅವನು ಕೈ ಚಾಚಿದ. ಕಲ್ಲು ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಕುಸಿಯಿತು. ಚಕ್ರ ಕಳಚಿದ ಬ್ರೇಕಿನ ಡ್ರಮ್ಮು ಅವನ ಎಡಗೈಯನ್ನು ಒದ್ದೆ ಮಣ್ಣಿಗೆ ಒತ್ತಿ ಹಿಡಿಯಿತು.

ಅವನ ಕೂಗಿಗೆ ರಶೀನಾ ಜೀಪಿನ ಕಡೆ ಓಡಲಿಲ್ಲ, ಒಳಗೆ ಓಡಿದಳು. ಮಗುಚಿ ಬಿದ್ದ ಹಳೆಯ ಜಾಕನ್ನು ತೂರಿಸಲು ಈಗ ಅಡಿಯಲ್ಲಿ ಜಾಗವೇ ಇರಲಿಲ್ಲ. ಶೋಕೇಸಿನ ಪಕ್ಕ ನಿಂತಾಗ, ಇಷ್ಟು ಕಾಲ ಇದನ್ನು ಒರೆಸುತ್ತಾ ಕೂತದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಪ್ಲಾಸ್ಟಿಕ್ಕಿನ ಬಾಯನ್ನು ಹಲ್ಲಿನಲ್ಲಿ ಕಚ್ಚಿ ಸೀಳಿ, ದಿಂಬಿನ ಕವರಿನಂತೆ ಕಳಚಿ ಎಸೆದಳು. ಜಾಕನ್ನು ಎಳೆದು ತಂದಳು. ಅಡುಗೆಮನೆಯಿಂದ ಹಲಸಿನ ಮಣೆಯನ್ನೂ ತಂದಳು.

"ಬೇಗ ಮಾಡು! ಮಣೆ ಗಿಣೆ ಎಲ್ಲ ಯಾಕೆ ಈಗ?" ಖಲೀಲ್ ಅರಚಿದ.

"ಇನ್ನೊಮ್ಮೆ ಜಾರಿದರೆ ಕೈ ಮಾತ್ರ ಅಲ್ಲ, ನೀವೇ ಹೋಗ್ತೀರಿ. ಸುಮ್ಮನಿರಿ," ಎಂದಳು. ಹಿಂದಿನ ಚಕ್ರಗಳಿಗೆ ಕೆಂಪುಕಲ್ಲು ಅಡ್ಡ ಕೊಟ್ಟಳು. ಮಣೆಯ ಮೇಲೆ ಜಾಕನ್ನು ನೆಟ್ಟಗೆ ನಿಲ್ಲಿಸಿ ಬಂಪರಿಗೆ ಕೊಟ್ಟಳು. ಮುಖ ದೂರ ಇಟ್ಟುಕೊಂಡು ಹಿಡಿಕೆ ಒತ್ತತೊಡಗಿದಳು. ಕಟ್, ಕಟ್ ಎನ್ನುತ್ತಾ ಜೀಪಿನ ಮೈ ಏರಿತು, ಸ್ಪ್ರಿಂಗು ಸಡಿಲವಾಯಿತು, ಡ್ರಮ್ಮು ಮಾತ್ರ ಅಲುಗಲಿಲ್ಲ. ಆದರೆ ಹಿಡಿಕೆ ಬಿಡಬಾರದು ಎನ್ನುವ ಪಾಠವೂ ಅವಳಿಗೆ ನೆನಪಿತ್ತು. ಅಲ್ಲಾಹನನ್ನು ಕರೆಯುತ್ತಾ ಮೈಭಾರವನ್ನೆಲ್ಲ ಹಾಕಿ ಒತ್ತಿದಳು. ಸ್ಪ್ರಿಂಗು ಪೂರ್ತಿ ಇಳಿಬಿದ್ದ ಮೇಲೆ ಡ್ರಮ್ಮು ಮಣ್ಣು ಬಿಟ್ಟು ಎದ್ದಿತು. ಖಲೀಲ್ ಕೈ ಎಳೆದುಕೊಂಡು ಅಲ್ಲೇ ಹೊರಳಿದ.

ಪಕ್ಕದ ಮನೆಯ ಶೀನಪ್ಪನ ರಿಕ್ಷಾದಲ್ಲಿ ಪಾಣೆಮಂಗಳೂರಿನ ಡಾಕ್ಟರರಲ್ಲಿಗೆ ಹೋದರು. ಮಣ್ಣು ಮೆತ್ತಗಿದ್ದದ್ದರಿಂದ ಕೈ ಉಳಿಯಿತು, ಬೆರಳುಗಳ ಎಲುಬು ಮಾತ್ರ ಮುರಿದಿತ್ತು. ಬೆರಳಿಂದ ಮೊಣಕೈವರೆಗೆ ಪ್ಲಾಸ್ಟರ್ ಹಾಕಿ, ನೀರು ತಾಗಿಸಬಾರದು ಎಂದು ಕಳಿಸಿದರು.

ಮರುದಿನ ಖಲೀಲ್ ಸ್ನಾನಕ್ಕೆ ಹೊರಟಾಗ ರಶೀನಾ ಜಾಕಿನಿಂದ ಕಳಚಿದ ಆ ಉದ್ದದ ಪ್ಲಾಸ್ಟಿಕ್ಕನ್ನು ತೊಳೆದು ತಂದಳು. ಅರಬಿ ಅಕ್ಷರ ಹೊರಗೆ ಕಾಣುವಂತೆ ಅದನ್ನು ಅವನ ಕೈಗೆ ಏರಿಸಿ, ಮೊಣಕೈ ಮೇಲೆ ದಾರ ಸುತ್ತಿದಳು. ಜಾಕ್ ಅಂಗಳದಲ್ಲಿ ಮೈತುಂಬ ಕೆಸರು ಮೆತ್ತಿಕೊಂಡು ನಿಂತಿತ್ತು. ಖಲೀಲ್ ಅದನ್ನೇ ನೋಡುತ್ತಾ, "ಶಾಫಿ ಬಂದು ಕೇಳಿದರೆ ಏನು ಹೇಳುವ?" ಎಂದ.

ರಶೀನಾ ಗಂಟನ್ನು ಬಿಗಿಯಾಗಿ ಎಳೆದಳು.

"ಪ್ಲಾಸ್ಟಿಕ್ ಜೋಪಾನ ಮಾಡಿದ್ದೇವೆ ಅಂತ ಈ ಕೈ ತೋರಿಸುವ."