ಬಾಗಿಲಿನ ದೀಪ

ಆ ಊರಿನವರ ಮೈಯಲ್ಲಿ ಹುಟ್ಟಿನಿಂದಲೇ ಅಯಸ್ಕಾಂತದ ಗುಣವಿತ್ತು. ಮನೆಮನೆಯ ಬಾಗಿಲಿಗೆ ತಾಮ್ರದ ತಂತಿ ಸುತ್ತಿ, ಮೇಲೊಂದು ದೀಪ ಕಟ್ಟಿರುತ್ತಿದ್ದರು. ಯಾರಾದರೂ ಒಳಗೆ ಬಂದರೆ ಅದು ಹೊತ್ತುತ್ತಿತ್ತು, ಹೊರಗೆ ಹೋದರೂ ಹೊತ್ತುತ್ತಿತ್ತು; ಸುಮ್ಮನೆ ಕೂತರೆ ಆರಿಹೋಗುತ್ತಿತ್ತು. ಹಾಗಾಗಿ ಸಂಜೆಯ ಮಾತುಕತೆಯೆಲ್ಲ ಕತ್ತಲಲ್ಲೇ.

ಅವ್ವ ತೀರಿಕೊಂಡಾಗ ಮುನಿಸಿಕೊಂಡು ಹೋಗಿದ್ದ ಅಕ್ಕ ಚಂಪವ್ವ ಎಷ್ಟೋ ವರ್ಷಗಳ ಮೇಲೆ ಒಂದು ಮುಸ್ಸಂಜೆ ಬಂದಳು. ದೀಪ ಹೊತ್ತಿದರೂ ತಲೆ ತಗ್ಗಿಸಿ ಒಳಬಂದದ್ದರಿಂದ ತಂಗಿ ನೀಲವ್ವನಿಗೆ ಅವಳ ನರೆಗೂದಲಷ್ಟೇ ಕಂಡಿತು. ಇಬ್ಬರೂ ಕೂತರು, ಕತ್ತಲಾಯಿತು.

"ಬರ್ತೇನವಾ," ಎಂದು ಅಕ್ಕ ಕೊನೆಗೆ ಎದ್ದಳು. ಹೊಸ್ತಿಲಲ್ಲಿ ದೀಪ ಹೊತ್ತಿತು. ಅಕ್ಕನ ಮುಖ ಥೇಟ್ ಅವ್ವನ ಮುಖವಾಗಿತ್ತು.

"ನಿಂದ್ರಕ್ಕಾ," ಎಂದಳು ನೀಲವ್ವ.

ಅಕ್ಕ ನಿಂತಳು. ದೀಪ ಆರಿತು.

ನೀಲವ್ವ ತಡಕಾಡಿ, ಚಿಕ್ಕಂದಿನಲ್ಲಿ ಅವ್ವ ತಮ್ಮಿಬ್ಬರನ್ನೂ ತೂಗುತ್ತಿದ್ದ ಜೋಕಾಲಿಯನ್ನು ತಂದು ಬಾಗಿಲ ನಡುವೆ ಕಟ್ಟಿದಳು.

"ಈ ವಯಸ್ಸಿನ್ಯಾಗ ಜೋಕಾಲಿಯೇನ?"

"ಕುಂದ್ರಕ್ಕಾ."

ಅಕ್ಕ ಕೂತಳು. ನೀಲವ್ವ ಮೆಲ್ಲಗೆ ತೂಗಿದಳು. ದೀಪ ಹೊತ್ತಿತು, ಮಂಕಾಯಿತು, ಮತ್ತೆ ಹೊತ್ತಿತು. ಬೆಳಕು ಉಸಿರಾಡಿದಂತೆ ಆ ಮುಖ ಬಂದು ಬಂದು ಹೋಗುತ್ತಿತ್ತು.

ಬಹಳ ಹೊತ್ತಿನ ಮೇಲೆ ಅಕ್ಕ ಹೇಳಿದಳು: "ಕೈ ಸೋತಿರಬೇಕಲ್ಲ, ಬಿಡವಾ."

"ಇನ್ನೂ ನೋಡೂದೈತಿ," ಎಂದು ನೀಲವ್ವ ಮತ್ತೊಮ್ಮೆ ತೂಗಿದಳು.