ಹತ್ತು ಲಕ್ಷದ ಮೂರು

ಕೂಸಿನ ಅಂಗಾಲಿನಲ್ಲಿ ಮೂಡಿದ್ದ ಸಂಖ್ಯೆ ಹತ್ತು ಲಕ್ಷದ ಮೂರು. ತನ್ನ ಅಂಗಾಲಿನ ಸಂಖ್ಯೆಯಿಂದ ಅದನ್ನು ಶೇಷ ಉಳಿಯದಂತೆ ಭಾಗಿಸುವ ಅತ್ತೆಯೇ ಕೂಸಿಗೆ ಹೆಸರಿಡಬೇಕು. ಅಂಥವರು ಸಿಗದಿದ್ದರೆ ಕೂಸು ಹೆಸರಿಲ್ಲದೆ ಬೆಳೆಯಬೇಕು.

ಗದಗಿನ ಆ ಮನೆಯ ಪಡಸಾಲೆಯಲ್ಲಿ ಅತ್ತೆಯರು ಸಾಲಾಗಿ ಕೂತು ಭಾಗಿಸಿದರು. ಏಳರ ಅತ್ತೆಗೂ ಹದಿಮೂರರ ಅತ್ತೆಗೂ ನಾಲ್ಕು ಉಳಿಯಿತು.

"ಇದು ಯಾರಿಗೂ ಭಾಗ ಆಗಂಗಿಲ್ಲ," ಎಂದು ಅಜ್ಜಿ ಗೌರವ್ವ ನಿಟ್ಟುಸಿರಿಟ್ಟಳು. "ನಮ್ಮ ನೀಲವ್ವನಂಗ ಒಂಟಿ."

ಗುಗ್ಗರಿ ಹಂಚುತ್ತಿದ್ದ ಅವಳ ಮಗಳು ನೀಲವ್ವ ತಲೆಯೆತ್ತಿದಳು. ಅವಳದು ನೂರಾ ಒಂದು. ಅದರಿಂದ ಭಾಗವಾಗದೆ ಅಣ್ಣಂದಿರ ಎಷ್ಟೋ ಮಕ್ಕಳ ತೊಟ್ಟಿಲುಗಳು ಅವಳನ್ನು ದಾಟಿಹೋಗಿದ್ದವು. ಕೈ ತೊಳೆದು ಬಂದು ಕೂಸನ್ನು ಎತ್ತಿಕೊಂಡಳು.

"ನಿನ್ನಿಂದ ಭಾಗಿಸಿದ್ರೂ ಎರಡು ಉಳೀತೈತಲ್ಲ," ಎಂದಳು ಗೌರವ್ವ.

"ಭಾಗ್ಸೂದು ಬ್ಯಾಡ ಬೇ, ಇಬ್ಬರದೂ ಗುಣಿಸಿ ನೋಡು. ಹತ್ತು ಕೋಟಿ ಹತ್ತು ಲಕ್ಷದ ಮುನ್ನೂರಾ ಮೂರು. ಅದನ್ನ ಒಡೀಬೇಕಂದ್ರ ಇಕಿ ಬೇಕು, ಇಲ್ಲಾ ನಾ ಬೇಕು. ಮತ್ಯಾರ ಕೈಲೂ ಆಗಂಗಿಲ್ಲ."

ನೀಲವ್ವ ಪದ್ಧತಿಯಂತೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಉಸಿರಿದಳು.

ಹೆಸರಿಟ್ಟ ಅತ್ತೆಯ ಬೆನ್ನಿಗೆ ಗುದ್ದುವುದು ವಾಡಿಕೆ. ಇಷ್ಟು ವರ್ಷ ಕಾದಿದ್ದ ಆ ಬೆನ್ನಿಗೆ ಮೊದಲ ಗುದ್ದು ಅವ್ವ ಗೌರವ್ವನದೇ ಬಿತ್ತು.