ಸೆರಗಿನ ಮರೆಯ ಒಬ್ಬಟ್ಟು

ವರ್ಷದೊಳಗೆ ತೂಕದಲ್ಲಿ ಅರ್ಧಕ್ಕರ್ಧ ಇಳಿದಿದ್ದ ವನಮಾಲಾಳನ್ನು ಅಣ್ಣನ ಮನೆಯ ಗೃಹಪ್ರವೇಶದಲ್ಲಿ ಹೆಂಗಸರೆಲ್ಲ ಮುತ್ತಿಕೊಂಡರು.

“ಆ ಹಸಿವು ಸಾಯಿಸೋ ಇಂಜೆಕ್ಷನ್ ತಾನೇ? ಮೈ ಬಗ್ಗಿಸದೆ ತೂಕ ಇಳಿಸೋದು ಯಾವ ದೊಡ್ಡಸ್ತಿಕೆ?” ಎಂದ ಚಿಕ್ಕಮ್ಮನೇ ಆಮೇಲೆ ಮೂಲೆಗೆ ಕರೆದು ಡಾಕ್ಟರ ನಂಬರ್ ಕೇಳಿದಳು. ವನಮಾಲಾ ಕೊಟ್ಟಳು. ಸಿಟ್ಟೂ ಬರಲಿಲ್ಲ, ಹಸಿವೂ ಆಗಲಿಲ್ಲ.

ಒಳಕೋಣೆಗೆ ಹೋದಾಗ, ಅವಳು ಬಾಯಿ ತೆರೆಯುವ ಮೊದಲೇ, ಕಣ್ಣು ಮಂಜಾದ ಅಮ್ಮ ಸೆರಗಿನ ಮರೆಯಿಂದ ಎರಡು ಒಬ್ಬಟ್ಟು ತೆಗೆದು ಅವಳ ಕೈಗಿಟ್ಟಳು.

“ನೀನು ಯಾರ ಮನೆ ಹುಡುಗೀನಮ್ಮ? ಇದನ್ನ ನನ್ನ ಮಗಳು ವನಮಾಲಾಗೆ ಕೊಟ್ಬಿಡು. ಯಾರ ಕಣ್ಣಿಗೂ ಬೀಳೋದು ಬೇಡ, ಅವಳು ತಿನ್ನೋದು ನೋಡಿದ್ರೆ ಎಲ್ಲಾ ಡುಮ್ಮಿ ಅಂತ ಆಡ್ಕೊಳ್ತಾರೆ.”